ಎಡಗಾಲಿನ ಉಬ್ಬು

"ಇಲ್ಲೊಂದು ತಪ್ಪಿದೆ," ಎಂದ ಕಂಪ್ಯೂಟರಿನವ. ಪರದೆಯ ಮೇಲೆ ಮರದ ಕಾಲಿನ ಚಿತ್ರ ಮೆಲ್ಲಗೆ ತಿರುಗುತ್ತಿತ್ತು. "ಎಡಗಾಲಿನ ಕಿರುಬೆರಳ ಹತ್ತಿರ ಉಬ್ಬಿದೆ ನೋಡಿ. ಬಲಗಾಲಿಗಿಲ್ಲ. ಒಂದು ನಿಮಿಷ, ಸವರಿಬಿಡ್ತೀನಿ."

"ಅದನ್ನ ಮುಟ್ಟಬೇಡಪ್ಪ," ಎಂದ ಅಚ್ಚಿನ ಮೇಸ್ತ್ರಿ.

ಹಳೇ ಯಜಮಾನರ ಮೊಮ್ಮಗಳು ಇಬ್ಬರ ಮುಖವನ್ನೂ ನೋಡಿದಳು. ಮುಚ್ಚಿ ಇಪ್ಪತ್ತೆಂಟು ವರ್ಷವಾಗಿದ್ದ ಚಪ್ಪಲಿ ಕಾರ್ಖಾನೆಯನ್ನು ಮತ್ತೆ ತೆರೆಯಲು ಹೊರಟವಳು ಅವಳು. ಹೆಸರಿತ್ತು, ಮುಚ್ಚಳದ ಮೇಲೆ ಕೊಕ್ಕರೆ ಇದ್ದ ಹಳೇ ಡಬ್ಬಿ ಒಂದಿತ್ತು. ಚಪ್ಪಲಿ ಕಟ್ಟಲು ಬೇಕಾದ ಮರದ ಕಾಲಿನ ಅಚ್ಚು ಮಾತ್ರ ಒಂದೂ ಇರಲಿಲ್ಲ. ಎಲ್ಲ ಕಾರ್ಖಾನೆ ಮುಚ್ಚಿದಾಗಲೇ ಸೌದೆಯ ಜೊತೆ ಗಾಡಿಯಲ್ಲಿ ಹೋಗಿದ್ದವು. ಆ ಗಾಡಿಯಿಂದ ಮೇಸ್ತ್ರಿ ಎತ್ತಿಕೊಂಡು ಬಂದದ್ದು ಈ ಒಂದೇ ಜೊತೆ. ಹೆಂಗಸರ ಐದನೇ ನಂಬರು.

"ಎರಡೂ ಕಾಲು ಒಂದೇ ಥರ ಇರಬೇಕಲ್ವಾ ಮೇಸ್ತ್ರಿಗಳೇ?"

"ಇರಬೇಕು ತಾಯಿ. ಈ ಕಾಲಿನ ಒಡತಿಗೆ ಇರಲಿಲ್ಲ."

"ಮರದ ಕಾಲಿಗೆ ಒಡತಿ ಬೇರೆ!" ಎಂದು ಕಂಪ್ಯೂಟರಿನವ ನಕ್ಕ.

ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಒಂದು ದಿನ, ಹೊಸ ಮಾದರಿಗೆ ಕಾಲು ಬೇಕೆಂದು ಯಜಮಾನರು ಹೊಲಿಗೆಯ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಕಿಟಕಿ ಪಕ್ಕದ ಮಷಿನ್ನಿನವಳ ಕಾಲು ಅಳತೆಗೆ ಸರಿಯಾಯಿತು. ಕಾಗದದ ಮೇಲೆ ನಿಲ್ಲಿಸಿ ಸುತ್ತ ಪೆನ್ಸಿಲ್ ಎಳೆಯುವಾಗ, "ಅಳತೆ ತಗೋತಿದ್ದೀರೋ, ಕಚಗುಳಿ ಇಡ್ತಿದ್ದೀರೋ?" ಎಂದಳು. ಚಿಕ್ಕಂದಿನಲ್ಲಿ ಕಲ್ಲು ಬಿದ್ದು ಅವಳ ಎಡಗಾಲಿನ ಕಿರುಬೆರಳು ಹೊರಕ್ಕೆ ಚಾಚಿಕೊಂಡಿತ್ತು. "ಇದೊಂದನ್ನ ಬಿಟ್ಟು ಬರಕೊಳ್ಳಿ. ಇದನ್ನ ಕಚ್ಚದ ಚಪ್ಪಲಿ ಇನ್ನೂ ಹುಟ್ಟಿಲ್ಲ." ಬಿಟ್ಟು ಬರೆಯುವುದೇ ಕೆಲಸದ ಕ್ರಮ. ಮೇಸ್ತ್ರಿ ಬಿಡಲಿಲ್ಲ. ಯಾರಿಗೂ ಹೇಳದೆ ಎಡದ ಅಚ್ಚಿಗೆ ಉಗುರಿನಷ್ಟು ಚರ್ಮ ಅಂಟಿಸಿ, ಉಜ್ಜಿ, ಮರದ ಬಣ್ಣ ಬಳಿದ.

ಮೊದಲ ಜೊತೆ ಹಾಕಿಕೊಂಡು ಅವಳು ಮಷಿನ್ನುಗಳ ಸಾಲಿನುದ್ದಕ್ಕೂ ನಡೆದಳು. ಮೇಸ್ತ್ರಿ ಮೊಣಕಾಲೂರಿ ಕೂತು ಹೆಜ್ಜೆ ನೋಡುತ್ತಿದ್ದ. ಎರಡು ಕಾಲು ತಿರುಗಿ ಬಂದು ಅವನ ಮುಂದೆ ನಿಂತವು. "ಕಚ್ಚಲಿಲ್ಲ ಮೇಸ್ತ್ರಿ," ಎಂದಿತು ಮೇಲಿನಿಂದ ದನಿ. ಆಮೇಲೂ ಆ ಕಾಲುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಮೇಸ್ತ್ರಿಯ ನಾಲಿಗೆ ತುದಿಗೆ ಒಂದು ಮಾತು ಬಂದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಏಳು ವರ್ಷ ಹೋಯಿತು. ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿತ್ತು. ಅವಳು ಯಾವ ಕಡೆ ಹೋದಳೋ, ಕೇಳಲು ಇವನಿಗೆ ಯಾವ ಹಕ್ಕೂ ಇರಲಿಲ್ಲ.

ಇದರಲ್ಲಿ ಅರ್ಧ ಹೇಳಿದ, ಅರ್ಧ ನುಂಗಿಕೊಂಡ.

"ಒಬ್ಬರ ಬೆರಳಿಗೋಸ್ಕರ ಲೋಕಕ್ಕೆಲ್ಲ ಸೊಟ್ಟ ಚಪ್ಪಲಿ ಹಾಕಿಸೋಕಾಗುತ್ತಾ ಅಜ್ಜ?" ಎಂದ ಕಂಪ್ಯೂಟರಿನವ.

"ಆಗಲೇ ಹಾಕಿಸಿದ್ದೀನಪ್ಪ. ಒಬ್ಬರೂ ವಾಪಸ್ ತಂದುಕೊಡಲಿಲ್ಲ."

ಮೇಸ್ತ್ರಿ ಅಚ್ಚನ್ನು ಎಳೆದು ತೊಡೆಯ ಮೇಲಿಟ್ಟುಕೊಂಡ. "ಸವರೋ ಹಾಗಿದ್ದರೆ ಇದು ನನ್ನ ಮನೇಲೇ ಇರಲಿ."

"ಇಟ್ಕೊಳ್ಳಿ. ಅಳತೆಯೆಲ್ಲ ಇದರೊಳಗೆ ಬಂದಾಯ್ತು," ಎಂದು ಕಂಪ್ಯೂಟರಿನವ ಪರದೆಯನ್ನು ತಟ್ಟಿದ.

ಮೇಸ್ತ್ರಿಗೆ ಅದು ಹೊಳೆದಿರಲಿಲ್ಲ. ಅಚ್ಚಿನ ಉಬ್ಬನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡ.

ಮೊಮ್ಮಗಳು ಹಳೇ ಡಬ್ಬಿಯನ್ನು ಎಳೆದುಕೊಂಡಳು. ಕೊಕ್ಕರೆಯ ಕೆಳಗೆ ಮಾಸಿದ ಅಕ್ಷರ: ಮೊದಲ ದಿನವೂ ಕಚ್ಚದು. ಹೊಸ ಬೋರ್ಡಿಗೂ ಅದೇ ಸಾಲನ್ನು ಬರೆಸಿದ್ದಳು.

"ಇದು... ಆ ಉಬ್ಬಿನಿಂದಾನಾ?"

"ಎಷ್ಟೋ ಜನಕ್ಕೆ ಎಡಗಾಲು ಒಂದೆಳೆ ದೊಡ್ಡದಮ್ಮ. ಅವರಿಗೂ ಜಾಗ ಸಿಕ್ತು. ನಮ್ಮ ಚರ್ಮ ಒಳ್ಳೇದು, ಅದಕ್ಕೇ ಕಚ್ಚಲ್ಲ ಅಂತ ನಿಮ್ಮ ತಾತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು. ನಾನೂ ಬಾಯಿ ಬಿಡಲಿಲ್ಲ."

ಅವಳು ನಕ್ಕುಬಿಟ್ಟಳು. ಆಮೇಲೆ ಕಂಪ್ಯೂಟರಿನವನ ಕಡೆ ತಿರುಗಿ, "ಹಾಗೇ ಇರಲಿ, ಸವರಬೇಡ," ಎಂದಳು. "ನಿಮಗೇನು ಬೇಕು ಕೇಳಿ ಮೇಸ್ತ್ರಿಗಳೇ."

ಗಾಜಿನ ಆಚೆ ಕಾರ್ಖಾನೆಯ ಹೊಸ ಅಂಗಡಿಗೆ ಬಣ್ಣ ಬಳಿಯುತ್ತಿದ್ದರು. ಬೆಂಚುಗಳು ಬಂದಿದ್ದವು. ಚಪ್ಪಲಿ ಹಾಕಿ ನೋಡುವ ಗಿಡ್ಡ ಕನ್ನಡಿ ನೆಲಕ್ಕೆ ಓರೆಯಾಗಿ ನಿಂತಿತ್ತು.

"ಆ ಕನ್ನಡಿ ಪಕ್ಕ ನನಗೊಂದು ಸ್ಟೂಲು ಹಾಕಿಸಿಕೊಡಿ. ಅವಳು ಇದೇ ಊರಲ್ಲಿದ್ದರೆ, ಹಳೇ ಹೆಸರು ನೋಡಿ ಒಳಗೆ ಬಂದಾಳು."

"ಅದರಲ್ಲಿ ಮೊಣಕಾಲಿಂದ ಕೆಳಗಷ್ಟೇ ಕಾಣೋದು. ಬಾಗಿಲ ಹತ್ತಿರ ಕೂತ್ಕೊಳ್ಳಿ, ಬರೋರ ಮುಖ ಕಾಣುತ್ತೆ."

ಮೇಸ್ತ್ರಿ ಅಚ್ಚಿನ ಜೊತೆಯನ್ನು ಮೊಮ್ಮಗಳ ಮುಂದಿಟ್ಟ. ಅದನ್ನು ತಂದಿದ್ದ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಮುಖ ಯಾಕಮ್ಮ?" ಎಂದ. "ಆವತ್ತೂ ನಾನು ತಲೆ ಎತ್ತಿ ನೋಡಿದವನಲ್ಲ."