ಎರಡನೆಯ ಪೊರೆ

ಪಂದ್ಯ ಮುಗಿದಿತ್ತು. ಯಾದಿರಾಳ ಸರ್ವರ್ ಸೋತಿತ್ತು, ಅದೂ ಮಾನ ಉಳಿಯದ ಹಾಗೆ. ಜಾಗ್ವಾರೊಂದು ಹೊಳೆ ದಾಟುವ ಒಂದೇ ಅನಿಮೇಷನ್ ದೃಶ್ಯವನ್ನು ಎರಡೂ ಯಂತ್ರಗಳಿಗೆ ಕೊಟ್ಟಿದ್ದರು. ನಿಕಾನೋರನ ವರ್ಕ್‌ಸ್ಟೇಷನ್ ಅದನ್ನು ಮಧ್ಯಾಹ್ನದೊಳಗೆ ಬಿಡಿಸಿ ಮುಗಿಸಿ ತಣ್ಣಗೆ ಕೂತಿತ್ತು. ಯಾದಿರಾಳ ಸರ್ವರ್ ಮಾತ್ರ ಇನ್ನೂ ಜಾಗ್ವಾರಿನ ಬಾಲವನ್ನು ನೀರಿನಿಂದ ಮೇಲೆತ್ತಲು ಏದುಸಿರು ಬಿಡುತ್ತಿತ್ತು.

"ಇದು ಪ್ರೊಸೆಸರ್ ಅಲ್ಲ ಕಣೇ, ರೊಟ್ಟಿ ಹೆಂಚು!" ತೆರೆಯ ಮೇಲಿನ ತಾಪಮಾನ ತೋರಿಸಿ ನಿಕಾನೋರ್ ನಕ್ಕ. "ಒಂದೇ ಚಿಪ್ಪೊಳಗೆ ಅಷ್ಟೊಂದು ಕೋರ್ ತುರುಕಿದ್ರೆ ಇನ್ನೇನಾಗುತ್ತೆ?"

"ಇಷ್ಟು ಬಿಸಿ ಆಗಬಾರದು ಮೇಷ್ಟ್ರೇ. ಒಂದ್ಸಲ ಬಿಚ್ಚಿ ನೋಡೋಣ್ವಾ?"

"ಸೋತ ಮೇಲೆ ಎಲ್ಲರಿಗೂ ಬಿಚ್ಚಿ ನೋಡ್ಬೇಕು ಅನ್ಸುತ್ತೆ. ಅದನ್ನ ಕೂರಿಸಿದ್ದು ಯಾರು? ಈ ಕೈ ಮೇಲೇ ಅನುಮಾನನಾ ನಿಂಗೆ?"

"ಅಯ್ಯೋ, ಹಾಗಲ್ಲ," ಎಂದಳು ಯಾದಿರಾ.

ಗ್ವಾದಲಹಾರದ ಆ ಅನಿಮೇಷನ್ ಸ್ಟುಡಿಯೋದಲ್ಲಿ ಎರಡು ಪ್ರೊಸೆಸರ್‌ಗಳನ್ನು ಹೋಲಿಸಿ ನೋಡುವಾಗ ಒಬ್ಬರ ಯಂತ್ರವನ್ನು ಇನ್ನೊಬ್ಬರು ಜೋಡಿಸಬೇಕು. ಆಮೇಲೆ ಮೋಸವಾಯಿತೆಂದು ಯಾರೂ ಗೊಣಗಬಾರದು, ಅದಕ್ಕೆ. ಪ್ರೊಸೆಸರಿನ ಬಿಸಿ ಹೀರುವ ಕೂಲರಿನ ತಳಕ್ಕೆ ಹೊಸದರಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅದನ್ನು ಸುಲಿದು ಯಂತ್ರದ ಪಕ್ಕೆಗೆ ಅಂಟಿಸಿದರೆ ಕೆಲಸ ಸರಿಯಾಗಿದೆ ಎಂದು ಗುರುತು. ಯಾದಿರಾ ಸುಲಿದ ಪೊರೆ ನಿಕಾನೋರನ ಯಂತ್ರದ ಪಕ್ಕೆಯಲ್ಲಿ ಹೊಳೆಯುತ್ತಿತ್ತು. ಇನ್ನೊಂದರ ಪಕ್ಕೆ ಬರಿದಾಗಿತ್ತು. ಎಲ್ಲರಿಗೂ ಕೆಲಸ ಕಲಿಸಿದ ಮೇಷ್ಟ್ರು ಕೂರಿಸಿದ್ದಕ್ಕೆ ಗುರುತು ಕೇಳುವವರು ಯಾರು?

ಒಡತಿ ದೋನ್ಯಾ ಅಂಪಾರೋ ಒಳಗೆ ಬಂದವಳೇ ತೀರ್ಪು ಕೊಟ್ಟಳು. "ಇಡೀ ಸಿನಿಮಾಕ್ಕೆ ನಿಕಾನೋರ್ ಹೇಳಿದ ಯಂತ್ರಗಳೇ ಬರಲಿ. ಯಾದಿರಾ, ವರ್ಷವೆಲ್ಲ ಸರ್ವರ್ ಸರ್ವರ್ ಅಂತ ನನ್ನ ತಲೆ ತಿಂದೆ. ಚುರುಕಾದ ನಾಲ್ಕು ಜನಕ್ಕಿಂತ ನಿಧಾನಸ್ಥರಾದ್ರೂ ಇಪ್ಪತ್ತು ಜನ ಸೇರಿದ್ರೆ ಅಡುಗೆ ಬೇಗ ಆಗುತ್ತೆ, ಕೋರ್‌ಗಳೂ ಹಾಗೇ ಅಂದೆ. ಎಲ್ಲಮ್ಮಾ ಅಡುಗೆ? ಸೋಮವಾರದಿಂದ ಈ ಕೋಣೆ ಬೇಡ ನಿಂಗೆ. ಕೆಳಗೆ ಚಿತ್ರಕಾರರ ಕಂಪ್ಯೂಟರ್ ಕೆಟ್ಟಾಗ ಬರೋ ಫೋನ್ ಎತ್ಕೊಂಡು ಕೂತ್ಕೋ."

ಯಾದಿರಾ ತಲೆಯಾಡಿಸಿ, ಎಲ್ಲರಿಗೂ ಊಟಕ್ಕೆ ತೋರ್ತಾ ತರಲು ಹೊರಟಳು. ಸೋತವರೇ ತಂದು ಬಡಿಸಬೇಕು, ಅದೂ ಅಲ್ಲಿನ ಪದ್ಧತಿ.

ಸರ್ವರಿನ ಪ್ರೊಸೆಸರನ್ನು ಅಂಗಡಿಗೆ ಹಿಂದಿರುಗಿಸಬೇಕಿತ್ತು. ನಿಕಾನೋರ್ ಸಿಳ್ಳೆ ಹಾಕುತ್ತಲೇ ಕೂಲರನ್ನು ಬಿಚ್ಚಿ ಮಗುಚಿದ. ಸಿಳ್ಳೆ ನಿಂತುಹೋಯಿತು. ಪೊರೆ ಅಲ್ಲೇ ಇತ್ತು. ಬಿಸಿ ದಾಟಿಸಲೆಂದು ಹಚ್ಚುವ ಬೂದು ಬಣ್ಣದ ಪೇಸ್ಟು ಮೆತ್ತಿಕೊಂಡು, ಬಿಸಿಗೆ ಸುಕ್ಕುಗಟ್ಟಿ, 'ಕೂರಿಸುವ ಮೊದಲು ತೆಗೆಯಿರಿ' ಎಂಬ ಕೆಂಪು ಅಕ್ಷರಗಳ ಸಮೇತ ಇತ್ತು. ಪಾಪದ ಪ್ರೊಸೆಸರು ಬಿಸಿ ಹೊರಹಾಕಲಾಗದೆ, ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ತೆವಳಿತ್ತು.

ಅವನ ಕಿವಿಗಳು ಕಾದವು. ಕಲಿಯಲು ಬಂದವರು ಮೊದಲ ದಿನ ಮಾಡುವ ತಪ್ಪು ಇದು. ಹಾಗೆ ಮಾಡಿದವರನ್ನು ಅವನು ವರ್ಷಗಟ್ಟಲೆ ಆಡಿಕೊಂಡು ನಕ್ಕಿದ್ದ. ಈಗ ಮರೆತೆ ಎಂದರೆ ಯಾರು ನಂಬುತ್ತಾರೆ? ಎದುರಾಳಿಯ ಯಂತ್ರ, ತನ್ನ ಕೈ, ಗೆಲುವು ತನ್ನದು. ನಾಚಿಕೆಯಿಂದ ಅವನಿಗೆ ಕೂತಲ್ಲೇ ಕುಗ್ಗಿಹೋದಂತಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿದ್ದೇ ಪೊರೆಯನ್ನು ಸುಲಿದು ಜೇಬಿಗೆ ತುರುಕಿದ.

ಯಾದಿರಾ ಮೊದಲ ತಟ್ಟೆಯನ್ನು ಅವನ ಮುಂದೆಯೇ ಇಟ್ಟಳು. ಮಾಂಸ ತುಂಬಿದ ಗಟ್ಟಿ ಬ್ರೆಡ್ಡು ಕೆಂಪು ಸಾರಿನಲ್ಲಿ ಮುಳುಗಿತ್ತು.

"ನಿಮಗೆ ಅಂತ ಖಾರ ಜಾಸ್ತಿ ಹಾಕಿಸಿದೀನಿ ಮೇಷ್ಟ್ರೇ. ಒಂದು ಮಾತು. ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಒಂದಿನ ಕೂತು ಹೇಳಿಕೊಡ್ತೀರಾ? ಬೇರೆ ಯಾರಾದ್ರೂ ಕೂರಿಸಿದ್ದಿದ್ರೆ, ಅವರ ಕೈಯೇ ಸರಿಯಿಲ್ಲ ಅಂತ ಸಮಾಧಾನ ಮಾಡ್ಕೋತಿದ್ದೆ. ನೀವೇ ಕೂರಿಸಿದ್ದು. ಅಂದ್ಮೇಲೆ ತಪ್ಪು ನಂದೇ."

"ನೋಡೋಣ... ಮೊದ್ಲು ಊಟ ಮಾಡು ಮಗಳೇ," ಎಂದ ನಿಕಾನೋರ್. ತಲೆ ತಗ್ಗಿಸಿ ತಿನ್ನತೊಡಗಿದ. ಕಣ್ಣಲ್ಲಿ ನೀರು ಬಂತು.

"ನೋಡಿ, ಗೆದ್ದೋನು ಅಳ್ತಿದಾನೆ!" ದೋನ್ಯಾ ಅಂಪಾರೋ ನಕ್ಕಳು. "ಖಾರನೇನೋ?"

"ಹೌದು, ಖಾರ," ಎಂದು ಅವನು ಕೊನೆಯ ತುತ್ತಿನಿಂದ ತಟ್ಟೆಯ ಸಾರನ್ನೂ ಒರೆಸಿ ನುಂಗಿದ.

ಊಟವಾದ ಮೇಲೆ ಯಾದಿರಾ ತನ್ನ ಸ್ಕ್ರೂಡ್ರೈವರ್, ಕಾಫಿ ಕಪ್ಪು, ಕುರ್ಚಿಯ ಮೇಲಿನ ಸ್ವೆಟರ್ ಎಲ್ಲವನ್ನೂ ಒಂದು ರಟ್ಟಿನ ಡಬ್ಬಕ್ಕೆ ಹಾಕಿಕೊಂಡಳು. ಹೋಗುವ ಮುನ್ನ ತನ್ನ ಸರ್ವರಿನ ನೆತ್ತಿಯನ್ನು, ಪರೀಕ್ಷೆಯಲ್ಲಿ ಫೇಲಾದ ಮಗುವನ್ನು ಸವರುವ ಹಾಗೆ ಸವರಿದಳು. ಅದನ್ನು ನೋಡಿ ನಿಕಾನೋರನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಬಂದು, ಜೇಬಿನಿಂದ ಪೊರೆಯನ್ನು ತೆಗೆದು, ಆ ಯಂತ್ರದ ಬರಿದಾದ ಪಕ್ಕೆಗೆ ಅಂಟಿಸಿದ. ಅದು ಸೊಟ್ಟಗೆ ಕೂತಿತು.

"ಏನದು ಕೊಳಕು?" ಎಂದಳು ದೋನ್ಯಾ ಅಂಪಾರೋ.

ಯಾದಿರಾ ಡಬ್ಬವನ್ನು ಕೆಳಗಿಟ್ಟು ಹತ್ತಿರ ಬಂದಳು. ನಿಕಾನೋರನ ಯಂತ್ರದ ಮೇಲಿದ್ದ ಶುಭ್ರ ಪೊರೆಯನ್ನು ನೋಡಿದಳು, ಇದನ್ನು ನೋಡಿದಳು. ಬೆರಳಿನಿಂದ ಬೂದು ಪೇಸ್ಟನ್ನು ಮುಟ್ಟಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದ ಅವನು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಮರೆತದ್ದು ಇರಲಿ, ಯಾರಾದ್ರೂ ಮರೀತಾರೆ," ಎಂದಳು ಮೆತ್ತಗೆ. "ಇದು ನಿಮ್ಮ ಕೈಗೆ ಸಿಕ್ಕಿದ್ದು ಯಾವಾಗ ಮೇಷ್ಟ್ರೇ? ನಾನು ಬಡಿಸೋಕೆ ಮುಂಚೆನಾ?"

ಮೇಜಿನ ಮೇಲೆ ನಿಕಾನೋರನ ತಟ್ಟೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ.