ಲಕ್ಷ್ಮಿಯಕ್ಕನ ಇಂಜೆಕ್ಷನ್

ಬೆನ್ನೆಲುಬು ಬಿರುಕು ಬಿಟ್ಟದ್ದು ಪುಂಡರೀಕಾಕ್ಷ ರಾಯರದ್ದು. ಗೆಳತಿಯರು ರಾಗಿ ಹುರಿಹಿಟ್ಟು ಹೊತ್ತು ತಂದದ್ದು ಅವರ ಹೆಂಡತಿ ಶ್ರೀಲಕ್ಷ್ಮಿಗೆ. ನೆರೂಳದ ಆ ಫ್ಲ್ಯಾಟಿನಲ್ಲಿ ಭಜನಾ ಮಂಡಳಿಯ ಚಂಪಾ ಮತ್ತು ಜಯಲತಾ ಶ್ರೀಲಕ್ಷ್ಮಿಯನ್ನು ಸೋಫಾದ ನಡುವೆ ಕೂರಿಸಿ, ಬೆನ್ನಿಗೊಂದು ದಿಂಬು ಕೊಟ್ಟು, ಆಚೆ ಈಚೆ ಕಾವಲಿಗೆ ಕೂತರು. ಎದುರಿನ ಕುರ್ಚಿಯಲ್ಲಿ ರಾಯರು ಅಲುಗಾಡದೆ ಕೂತಿದ್ದರು.

“ರಾಯರನ್ನು ನೋಡಿ ಮಾರಾಯ್ರೆ, ಈ ಪ್ರಾಯದಲ್ಲೂ ಎಷ್ಟು ನೆಟ್ಟಗೆ ಕೂತಿದ್ದಾರೆ!” ಎಂದರು ಜಯಲತಾ.

ನೆಟ್ಟಗೆ ಕೂರದೆ ರಾಯರಿಗೆ ಬೇರೆ ದಾರಿ ಇರಲಿಲ್ಲ. ಅಂಗಿಯ ಒಳಗೆ ಡಾಕ್ಟರು ಬಿಗಿಸಿದ ಬೆಲ್ಟ್ ಇತ್ತು. ಠಾಣೆಯ ಮಾಜಿವಾಡಾದ ತಮ್ಮ ಹೋಟೆಲಿನಲ್ಲಿ ಜೀವಮಾನವಿಡೀ ಅಕ್ಕಿ ಮೂಟೆಗಳನ್ನು ಒಬ್ಬರೇ ಇಳಿಸಿಕೊಂಡ ಮನುಷ್ಯ, ಕಳೆದ ತಿಂಗಳು ಲೋಕಲ್ ರೈಲಿನಲ್ಲಿ ಒಂದೇ ಒಂದು ಸೀನು ಸೀನಿ ಬೆನ್ನು ಮುರಿದುಕೊಂಡಿದ್ದರು. ಮೂಳೆ ಸವೆದು ಟೊಳ್ಳಾಗಿದೆ ಎಂದರು ಡಾಕ್ಟರ್ ಅಪರ್ಣಾ. ಅದು ಹೆಂಗಸರ ಕಾಯಿಲೆ ಎಂದೇ ರಾಯರ ನಂಬಿಕೆ. ಹಾಗಾಗಿ ಎಕ್ಸ್‌ರೇ ಚೀಲ ಹಿಡಿದು ಗಂಡಹೆಂಡತಿ ಮನೆಗೆ ಬರುವಾಗ ಲಿಫ್ಟಿನಲ್ಲಿ ಚಂಪಾ ಎದುರಾಗಿ “ಯಾರಿಗೆ ಎಂತ ಆಯ್ತು?” ಎಂದು ಕೇಳಿದಾಗ, ಅವರ ಬಾಯಿ ತಾನಾಗಿಯೇ “ಇವಳ ಬೆನ್ನು. ಮೂಳೆ ಸವೆದು ಮುರಿದದ್ದಂತೆ” ಎಂದುಬಿಟ್ಟಿತ್ತು. ಗಂಡನ ಮಾನ ಹೋಗಬಾರದೆಂದು ಶ್ರೀಲಕ್ಷ್ಮಿ ಆಗ ಸುಮ್ಮನಿದ್ದರು.

ಡಾಕ್ಟರು ಮೂರು ಬಗೆಯ ಇಂಜೆಕ್ಷನ್ ಹೇಳಿದ್ದರು. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವಂಥದ್ದು, ಆರು ತಿಂಗಳಿಗೊಮ್ಮೆ ಚುಚ್ಚುವಂಥದ್ದು, ಇಲ್ಲವೇ ದಿನಾ ಮನೆಯಲ್ಲೇ ಪೆನ್ನಿನಂಥ ಸಿರಿಂಜಿನಿಂದ ಚುಚ್ಚಿಕೊಳ್ಳುವಂಥದ್ದು. ಬೆನ್ನೆಲುಬು ಆಗಲೇ ಮುರಿದಿರುವುದರಿಂದ ದಿನದ್ದೇ ಒಳ್ಳೆಯದೆಂದು ಬರೆದೂ ಕೊಟ್ಟಿದ್ದರು. ಪೆನ್ನು ಬಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತು ವಾರವಾಗಿತ್ತು. ರಾಯರ ಒಲವೆಲ್ಲ ವರ್ಷದ್ದರ ಮೇಲೆ. ವರ್ಷಕ್ಕೆ ಒಂದೇ ಸೂಜಿ, ಒಂದೇ ಸುಳ್ಳು. ಇವತ್ತು ಚಂಪಾ ಬಂದದ್ದು ಅನುಕೂಲವೇ ಆಯಿತು; ಆಕೆ ಠಾಣೆಯ ಆಸ್ಪತ್ರೆಯೊಂದರಲ್ಲಿ ಸಿಸ್ಟರ್ ಆಗಿದ್ದು ನಿವೃತ್ತರಾದವರು.

“ಅಲ್ಲ ಸಿಸ್ಟರೇ,” ರಾಯರು ಗಂಟಲು ಸರಿಮಾಡಿಕೊಂಡರು, “ಇವಳಿಗೆ ವರ್ಷದ್ದು ಸಾಕಲ್ವಾ? ದಿನಾ ಚುಚ್ಚಿದ್ರೆ ಪಾಪ, ತೊಡೆ ನೋಯೂದಿಲ್ವಾ?”

“ಹೆಂಡತಿ ಮೇಲೆ ಎಂಥ ಕಾಳಜಿ!” ಜಯಲತಾ ಕರಗಿಹೋದರು.

“ವರ್ಷದ್ದು, ಆರು ತಿಂಗಳದ್ದು, ಎರಡೂ ನಮ್ಮ ಸೊಸೈಟಿಯ ವಾಚ್‌ಮನ್ ಇದ್ದ ಹಾಗೆ ರಾಯರೇ. ಇದ್ದ ಮೂಳೆಯನ್ನು ಕಾಯ್ತವೆ,” ಎಂದರು ಚಂಪಾ. “ದಿನದ್ದು ಮೇಸ್ತ್ರಿ. ಹೊಸತು ಕಟ್ತದೆ. ಬೆನ್ನು ಮುರಿದವರಿಗೆ ಮೊದಲು ಮೇಸ್ತ್ರಿ ಬೇಕು, ಆಮೇಲೆ ವಾಚ್‌ಮನ್. ಆರು ತಿಂಗಳದ್ದರ ತಾರೀಕು ತಪ್ಪಿಸ್ಲಿಕ್ಕೂ ಇಲ್ಲ, ತಪ್ಪಿದ್ರೆ ಬೆನ್ನು ಮತ್ತೆ ಮುರಿಯುವ ಹೆದರಿಕೆ ಉಂಟು.”

“ಹೊಸತು ಕಟ್ಟುವಷ್ಟರೊಳಗೆ ಇನ್ನೊಮ್ಮೆ ಸೀನು ಬಂದ್ರೆ?” ರಾಯರ ಬಾಯಿ ಜಾರಿತು.

“ಸೀನಾ? ಲಕ್ಷ್ಮಿಯಕ್ಕನಿಗೆ ಸೀನಿ ಮುರಿದದ್ದಾ?”

“ಹೌದೌದು. ಮೆಣಸಿನ ಒಗ್ಗರಣೆ ಹಾಕುವಾಗ,” ಎಂದರು ರಾಯರು. ಶ್ರೀಲಕ್ಷ್ಮಿ ಗಂಡನನ್ನು ಒಮ್ಮೆ ನೋಡಿದರು.

“ಅದಕ್ಕೇ ಹೇಳೂದು ಲಕ್ಷ್ಮಿಯಕ್ಕ,” ಜಯಲತಾ ಬಂದ ವಿಷಯಕ್ಕೆ ಬಂದರು, “ಅಷ್ಟಮಿಯ ಕುಣಿತ ಭಜನೆಗೆ ಈ ಸಲ ನೀವು ಕುಣಿಯೂದು ಬೇಡ. ಕುರ್ಚಿ ಹಾಕ್ತೇವೆ, ಕೂತು ತಾಳ ಹಾಕಿ. ನಿಮ್ಮ ಜಾಗಕ್ಕೆ ಊರ್ಮಿಳಾ ಬರ್ತಾಳೆ.”

ಶ್ರೀಲಕ್ಷ್ಮಿಯ ಮುಖ ಇಳಿದುಹೋಯಿತು. ಮಂಡಳಿಗೆ ಕುಣಿತದ ಹೆಜ್ಜೆ ಕಲಿಸಿದ್ದೇ ಅವರು. ತಾಳ ಹಿಡಿದು ಬಗ್ಗಿ ಎದ್ದು ಸುತ್ತು ತಿರುಗತೊಡಗಿದರೆ ಅರ್ಧ ವಯಸ್ಸಿನವರು ಏದುಸಿರು ಬಿಡಬೇಕು. ಹೋಟೆಲಿಗೆ ಹಿಟ್ಟು ರುಬ್ಬಿ, ಮಕ್ಕಳನ್ನು ಬೆಳೆಸಿ ಕಳೆದ ಬದುಕಿನಲ್ಲಿ ತನ್ನದೆಂದು ಅವರಿಗೆ ಉಳಿದದ್ದು ಅದೊಂದೇ. ಇದು ರಾಯರಿಗೂ ಗೊತ್ತಿತ್ತು. ಹೆಂಡತಿಯ ಕಣ್ಣು ತುಂಬಿದ್ದು ಕಂಡು ಅವರಿಗೆ ನಿಜಕ್ಕೂ ಸಂಕಟವಾಯಿತು. ತನ್ನಿಂದಲೇ ಆದದ್ದು ಇದು, ಒಂದು ಮಾತು ಆಡಿದರೆ ಸರಿಹೋಗುತ್ತದೆ ಎಂದುಕೊಂಡು ಧೈರ್ಯ ಮಾಡಿ ಬಾಯಿ ತೆರೆದರು.

“ಕೂತು ತಾಳ ಹಾಕಿದ್ರೂ ಪುಣ್ಯವೇ,” ಎಂದರು.

ಶ್ರೀಲಕ್ಷ್ಮಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ದಿನದ್ದೇ ಆಗ್ಲಿ ಚಂಪಾ. ತಂದು ಇಟ್ಟದ್ದು ಉಂಟು. ಚುಚ್ಚಲಿಕ್ಕೆ ಇಲ್ಲಿ ಯಾರಿಗೂ ಧೈರ್ಯ ಇಲ್ಲ.”

“ಅದಕ್ಕೆಂಥ ಧೈರ್ಯ? ಮೊದಲನೇದು ನಾನೇ ಕೊಟ್ಟು ತೋರಿಸ್ತೇನೆ.”

“ಇವತ್ತು ಮಂಗಳವಾರ,” ಎಂದರು ರಾಯರು ಗಾಬರಿಯಿಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಂಪಾ ಕೈ ತೊಳೆದು ಬಂದು, ಪೆನ್ನಿಗೆ ಸೂಜಿ ಸಿಕ್ಕಿಸಿ, ಸ್ಪಿರಿಟ್ಟಿನ ಹತ್ತಿ ಹಿಡಿದು ಸೋಫಾದ ಮುಂದೆ ನಿಂತರು.

“ಸೀರೆ ಸ್ವಲ್ಪ ಮೇಲೆ ಮಾಡಿ ಲಕ್ಷ್ಮಿಯಕ್ಕ. ರಾಯರು ಒಂದು ನಿಮಿಷ ಒಳಗೆ ಹೋಗ್ಲಿ.”

ಬದುಕಿದೆ ಎಂದುಕೊಂಡು ರಾಯರು ಕುರ್ಚಿಯ ಕೈ ಹಿಡಿದು ಏಳತೊಡಗಿದರು.

“ನೀವು ಕೂತ್ಕೊಳ್ಳಿ,” ಎಂದು ಶ್ರೀಲಕ್ಷ್ಮಿ ಸೋಫಾ ಬಿಟ್ಟು ಎದ್ದು ನಿಂತರು. “ಪಂಚೆ ಮೇಲೆ ಮಾಡಿ. ನನಗೆ ಅಷ್ಟಮಿಗೆ ಕುಣಿಯಲಿಕ್ಕುಂಟು.”