ಅತ್ಯುತ್ತಮ ವಿಮರ್ಶಕ

“ಈ ವರ್ಷದ ಅತ್ಯುತ್ತಮ ವಿಮರ್ಶಕ ಪ್ರಶಸ್ತಿ, ಪ್ರೊಫೆಸರ್ ಜೆರೋಮ್ ಅವರಿಗೆ!”

ವೇದಿಕೆಯಿಂದ ಸಮ್ಮೇಳನದ ಸಂಚಾಲಕಿ ಬರ್ನಡೆಟ್ ಮೇಡಂ ಹೀಗೆ ಘೋಷಿಸಿದಾಗ, ಮಧ್ಯಾಹ್ನದ ಊಟದ ಭಾರಕ್ಕೆ ತೂಕಡಿಸುತ್ತಿದ್ದ ಜೆರೋಮ್ ಸರ್ ಬೆಚ್ಚಿ ಕಣ್ಣು ಬಿಟ್ಟರು. “ನನಗಾ? ಎಂತಕ್ಕೆ ಮಾರಾಯ್ತಿ?” ಎಂದು ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ಮರ್ವಾಳನ್ನು ಕೇಳಿದರು.

“ಪೇಪರ್ ರಿವ್ಯೂ ಮಾಡಿದ್ದಕ್ಕೆ ಸರ್.”

“ನಾನು ಯಾವಾಗ ಮಾಡಿದ್ದು?” ಎಂದವರಿಗೆ ಮರುಕ್ಷಣವೇ ನೆನಪಾಯಿತು. “ಓ, ನಿನಗೆ ಕೊಟ್ಟದ್ದಲ್ವಾ!” ಎಂದು ಕೋಟು ಸರಿಮಾಡಿಕೊಳ್ಳುತ್ತಾ ಎದ್ದು ನಡೆದರು.

ಕಂಪ್ಯೂಟರಿಗೆ ನಮ್ಮ ಭಾಷೆಗಳನ್ನು ಕಲಿಸುವವರ ಈ ಸಮ್ಮೇಳನಕ್ಕೆ ಬಂದ ಪ್ರಬಂಧಗಳನ್ನು, ಬರೆದವರ ಹೆಸರು ಅಳಿಸಿ, ಮೂವರು ಬಲ್ಲವರಿಗೆ ಕಳುಹಿಸುವುದು ಪದ್ಧತಿ. ಬಲ್ಲವರಿಗೆ ಪುರುಸೊತ್ತು ಇರುವುದಿಲ್ಲವಾದ್ದರಿಂದ ಅವರು ಅದನ್ನು ಶಿಷ್ಯರಿಗೆ ದಾಟಿಸುವುದು ಯಾರೂ ಬರೆದಿಡದ ಇನ್ನೊಂದು ಪದ್ಧತಿ. ಜೆರೋಮ್ ಸರ್ ಕೆಟ್ಟವರೇನಲ್ಲ. ಕ್ರಿಸ್ಮಸ್ ಬಂದರೆ ಬಿಕರ್ನಕಟ್ಟೆಯ ಮನೆಯಿಂದ ಕುಸ್ವಾರ್ ತಿಂಡಿಗಳ ಡಬ್ಬ ತಂದು ಇಡೀ ವಿಭಾಗಕ್ಕೆ ಹಂಚುತ್ತಾರೆ. ಆದರೆ ಶಿಷ್ಯರು ಏನೇ ಬರೆಯಲಿ, ಮೊದಲ ಹೆಸರು ಮಾತ್ರ ಅವರದ್ದೇ. ತನ್ನದೊಂದೇ ಹೆಸರಿರುವ ಪ್ರಬಂಧ ಒಂದಾದರೂ ಬೇಕೆಂದು ಮರ್ವಾಳಿಗೆ ಬಹಳ ಆಸೆ. ಪಿಎಚ್‌ಡಿಗೆ ಸಹಿ ಹಾಕಬೇಕಾದವರು ಅವರೇ ಎಂಬ ಹೆದರಿಕೆಯನ್ನೂ ನುಂಗಿಕೊಂಡು, ಅವರಿಗೆ ತಿಳಿಸದೆ ಈ ಸಮ್ಮೇಳನಕ್ಕೆ ಒಂದನ್ನು ಕಳುಹಿಸಿಯೇ ಬಿಟ್ಟಿದ್ದಳು. ಬ್ಯಾರಿ ಭಾಷೆಯ ವಾಟ್ಸಾಪ್ ಸಂದೇಶಗಳಲ್ಲಿ ಕೋಪ ಯಾವುದು, ತಮಾಷೆ ಯಾವುದು ಎಂದು ಕಂಪ್ಯೂಟರಿಗೆ ಕಲಿಸುವ ಪ್ರಬಂಧ ಅದು.

ಸ್ವಲ್ಪ ದಿನಕ್ಕೆ ಸರ್, “ಇದೊಂದು ನೋಡಿಬಿಡು” ಎಂದು, ತಮಗೆ ವಿಮರ್ಶೆಗೆ ಬಂದಿದ್ದ, ತಾವು ತೆರೆದೂ ನೋಡದ ಒಂದು ಪ್ರಬಂಧವನ್ನು ಅವಳಿಗೆ ದಾಟಿಸಿದರು. ತೊಕ್ಕೊಟ್ಟಿನ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ತೆರೆದು ನೋಡಿದರೆ ಅವಳದ್ದೇ!

ತನ್ನದೆಂದು ಹೇಳಿದರೆ ಗುಟ್ಟು ರಟ್ಟಾಗುತ್ತದೆ. ಚೆನ್ನಾಗಿದೆ ಎಂದು ಬರೆದರೆ ಕೇಳುವವರೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಂತೂ ಇದ್ದೇ ಇದೆ. ಆದರೆ ಬೇರೆ ಯಾರದ್ದೋ ಎಂಬಂತೆ ಓದುತ್ತಾ ಹೋದ ಹಾಗೆ ಹುಳುಕು ಕಣ್ಣಿಗೆ ಬಿತ್ತು. ಸಂದೇಶಗಳನ್ನೆಲ್ಲ ಅವಳು ತನ್ನ ಮನೆಯವರ ಗುಂಪಿನಿಂದಲೇ ಆರಿಸಿದ್ದಳು, ಮತ್ತು ಆ ಗುಂಪಿನಲ್ಲಿ ಸಿಟ್ಟಾಗುವವರು ಹಬೀಬಾ ಮಾಮಿ ಒಬ್ಬರೇ. ಮರ್ವಾ ಒದ್ದಾಡಿ ಒದ್ದಾಡಿ, ಕೊನೆಗೆ ಹೆಗ್ಗಣವನ್ನು ಹೆಗ್ಗಣವೆಂದೇ ಬರೆದು ಕಳುಹಿಸಿದಳು. ಉಳಿದಿಬ್ಬರು ವಿಮರ್ಶಕರು ಪ್ರಬಂಧವನ್ನು ಹೊಗಳಿದ್ದರಂತೆ. ಅದು ಬಿದ್ದುಹೋದದ್ದು ಅವಳ ಮಾತಿನಿಂದಲೇ.

“ಯಾರ ಪೇಪರ್ ಅಂತ ಹೇಳುದಿಲ್ಲ. ಆದರೆ ಸರ್ ಎಷ್ಟು ಚಂದ ಬರೆದಿದ್ದಾರೆ ಕೇಳಿ,” ಎಂದು ವೇದಿಕೆಯಲ್ಲಿ ಬರ್ನಡೆಟ್ ಮೇಡಂ ಓದಿದರು. “‘ಈ ಕಂಪ್ಯೂಟರಿಗೆ ಗೊತ್ತಿರುವುದು ಒಂದೇ ಮನೆಯ, ಒಬ್ಬರದ್ದೇ ಕೋಪ. ಇಡೀ ಸಮುದಾಯ ಅವರ ಹಾಗೆಯೇ ಬೈಯುತ್ತದೆ ಎಂದು ಅದು ನಂಬಿದೆ.’”

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಜೆರೋಮ್ ಸರ್. ಪಾಪ, ಅವರೂ ಮೊದಲ ಸಲ ಕೇಳುತ್ತಿದ್ದರಲ್ಲ. ಮರ್ವಾ ಚಪ್ಪಾಳೆ ತಟ್ಟಿದಳು. ತಟ್ಟುತ್ತಿದ್ದ ಹಾಗೆ ಅವಳಿಗೆ ಅಳು ಬಂತು.

ಸರ್ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಹಿಡಿದು ಬಂದು ಕೂತರು. “ಬರೆದದ್ದು ನೀನೇ, ನನಗೆ ಗೊತ್ತುಂಟು. ಸಂಜೆ ಗಡ್‌ಬಡ್ ಐಸ್‌ಕ್ರೀಂ ತಿನ್ನಿಸ್ತೇನೆ, ಆಯ್ತಾ?” ಎಂದವರು ಸಭೆಯತ್ತ ಕತ್ತು ಹೊರಳಿಸಿದರು. “ಆ ಪೇಪರಿನವರು ಇಲ್ಲೇ ಎಲ್ಲಿಯಾದರೂ ಕೂತಿರ್ಬೇಕು. ಎಷ್ಟು ಬೇಜಾರಾಯ್ತೋ ಎಂತದೋ.”

“ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ ಸರ್.”

ಸರ್ ಇನ್ನೊಂದು ಪಕ್ಕಕ್ಕೆ ತಿರುಗಿ ನೋಡಿದರು. ಆ ಕುರ್ಚಿ ಖಾಲಿ ಇತ್ತು. ಮೆಲ್ಲಗೆ ಈಚೆ ತಿರುಗಿದರು.

“ನಿನ್ನದಾ? ನಿನ್ನದನ್ನು ನೀನೇ ರಿಜೆಕ್ಟ್ ಮಾಡಿದ್ದಾ?”

“ಸರಿ ಇರ್ಲಿಲ್ಲ ಸರ್.”

“ಅದಿರ್ಲಿ. ನನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ? ನನ್ನ ಹೆಸರು ಹಾಕ್ಲಿಕ್ಕೆ ಎಂತ ತೊಂದರೆ ಇತ್ತು ನಿನಗೆ?”

ಮರ್ವಾಳ ಕಣ್ಣು ಅವರ ತೊಡೆಯ ಮೇಲಿದ್ದ ಪ್ರಶಸ್ತಿಪತ್ರದ ಕಡೆ ಹೋಯಿತು. ಜೆರೋಮ್ ಸರ್ ಕೂಡ ಅದನ್ನೇ ನೋಡಿದರು. ಆಮೇಲೆ, ಬಂಗಾರದ ಬಣ್ಣದಲ್ಲಿ ಅಚ್ಚಾಗಿದ್ದ ತಮ್ಮ ಹೆಸರು ಕಾಣದಂತೆ ಅದನ್ನು ಮೆಲ್ಲಗೆ ಕವುಚಿ ಹಾಕಿದರು.